ಲಡ್ಡು ಹಿಡಿದ ಕಂಬ, ತೊಲೆ, ಪಕ್ಕಾಸು: ಹೆಂಚಿನ ಮನೆಯ ಮರ ರಿಪೇರಿಗೆ ಸಮಗ್ರ ಮಾರ್ಗದರ್ಶಿ

ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಮರವನ್ನು ಕೊಲ್ಲುವುದು ವಯಸ್ಸಲ್ಲ, ನೀರು. ಅಜ್ಜನ ಕಾಲದ ಹಲಸಿನ ತೊಲೆ ಕೋಣೆಯ ನಡುವೆ ಉಳಿ ಕೂಡ ಜಾರುವಷ್ಟು ಗಟ್ಟಿ ಇರುತ್ತದೆ. ಅದೇ ತೊಲೆಯ ಗೋಡೆಯೊಳಗಿನ ತುದಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಎರಡರ ವಯಸ್ಸೂ ಒಂದೇ. ಒಂದಕ್ಕೆ ಗಾಳಿ ಸಿಕ್ಕಿದೆ, ಇನ್ನೊಂದಕ್ಕೆ ಸಿಕ್ಕಿಲ್ಲ. ಹೀಗಾಗಿ ಪೂರ್ತಿ ಮಾಡನ್ನು (ಚಾವಣಿಯನ್ನು) ಕೆಡವಿ ಕಬ್ಬಿಣದ ಟ್ರಸ್ ಹಾಕಿಸುವ ಮೊದಲು, ಎಷ್ಟು ಮರ ನಿಜವಾಗಿ ಹೋಗಿದೆ ಎಂದು ಅಳೆದು ನೋಡಬೇಕು. ಹೆಚ್ಚಿನ ಮನೆಗಳಲ್ಲಿ ಹಾಳಾಗಿರುವುದು ತುದಿಗಳು ಮಾತ್ರ, ಮತ್ತು ತುದಿಗಳನ್ನು ಸರಿಮಾಡಬಹುದು.

ಮರ ಲಡ್ಡಾಗುವುದು, ಅಂದರೆ ಕೊಳೆತು ಮೆತ್ತಗಾಗುವುದು, ಶಿಲೀಂಧ್ರದಿಂದ. ಮರದ ತೇವಾಂಶ ಶೇ. 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ; ಶೇ. 28-30 ದಾಟಿದರೆ ಹುಲುಸಾಗಿ ಹಬ್ಬುತ್ತದೆ. ಮಳೆಗಾಲದ ಗಾಳಿಯ ತೇವ ಮಾತ್ರದಿಂದ ಮಾಡಿನ ಮರ ಆ ಮಟ್ಟ ಮುಟ್ಟುವುದು ಅಪರೂಪ. ಸೋರಿಕೆಯೋ, ನೆಲದಿಂದ ಏರುವ ತೇವವೋ, ಗೋಡೆಯೊಳಗೆ ಸಿಕ್ಕಿಬಿದ್ದ ನೀರೋ ಇರಲೇಬೇಕು. ಆ ದಾರಿ ಹುಡುಕದೆ ಮರ ಬದಲಿಸಿದರೆ ಹೊಸ ಮರವೂ ಹಳೆಯದರ ಹಾದಿ ಹಿಡಿಯುತ್ತದೆ.

ಎಲ್ಲಿ ನೋಡಬೇಕು, ಹೇಗೆ ಪರೀಕ್ಷಿಸಬೇಕು

ಮೊದಲು ಐದು ಜಾಗ ನೋಡಿ: ಜಗಲಿ ಕಂಬದ ಬುಡ, ಗೋಡೆಯ ತಲೆಯ ಮೇಲೆ ಮಲಗಿಸಿದ ತೊಲೆ, ಸೂರಿನ ಹೊರಗೆ ಚಾಚಿದ ಪಕ್ಕಾಸಿನ (ನೆತ್ತಿಯಿಂದ ಸೂರಿಗೆ ಇಳಿಜಾರಾಗಿ ಬರುವ ಮರದ) ತುದಿ, ಎರಡು ಮಾಡು ಸೇರುವ ಕಣಿವೆಯ ಕೆಳಗಿನ ಮರ, ಗೋಡೆಯೊಳಗೆ ಹೂತ ಅಟ್ಟದ ತೊಲೆಯ ತುದಿ. ಬಚ್ಚಲು ಮನೆಯ ಪಕ್ಕದ ಗೋಡೆಯಲ್ಲಿ ತೊಲೆ ಕೂತಿದ್ದರೆ ಅದನ್ನೇ ಮೊದಲು ನೋಡಿ.

ಪರೀಕ್ಷೆಗೆ ಬೇಕಾದ್ದು ಸುತ್ತಿಗೆ, ಚೂಪಾದ ಸ್ಕ್ರೂಡ್ರೈವರ್, 6 ಮಿ.ಮೀ. ಬಿಟ್ ಹಾಕಿದ ಡ್ರಿಲ್, ಎರಡು ಮುಳ್ಳಿನ ತೇವಾಂಶ ಮೀಟರ್. ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಮರ ಠಣ್ ಎನ್ನುತ್ತದೆ, ಟೊಳ್ಳು ಮರದ ಸದ್ದು ಮಂಕು. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಹಲಸು, ಮತ್ತಿ, ಬೋಗಿಯಂಥ ಮರದ ಚೇಗಿನಲ್ಲಿ (ಒಳಗಿನ ಗಟ್ಟಿ ಭಾಗದಲ್ಲಿ) ಅದು ಎರಡು ಮೂರು ಮಿ.ಮೀ. ಇಳಿಯುವುದೂ ಕಷ್ಟ. ಸಲೀಸಾಗಿ ಒಂದು ಸೆಂ.ಮೀ. ಇಳಿದರೆ ಅದು ಹೋದ ಮರ. ಇನ್ನೂ ನಂಬಿಕೆಯ ಪರೀಕ್ಷೆ ಸಿಬಿರು ಎಬ್ಬಿಸುವುದು: ಸ್ಕ್ರೂಡ್ರೈವರನ್ನು ನಾರಿಗೆ ಅಡ್ಡಲಾಗಿ ಚುಚ್ಚಿ ಮೀಟಿ. ಒಳ್ಳೆಯ ಮರ ಚಟ್ ಎಂದು ಉದ್ದನೆಯ ಸಿಬಿರಾಗಿ ಏಳುತ್ತದೆ. ಲಡ್ಡು ಮರ ಸದ್ದಿಲ್ಲದೆ ಚುಚ್ಚಿದಲ್ಲೇ ತುಂಡಾಗುತ್ತದೆ. ಮೇಲ್ಮೈ ಚೆನ್ನಾಗಿದ್ದು ಒಳಗೆ ಹೋಗಿರುವುದೂ ಉಂಟು. ಅಲ್ಲಿ ಡ್ರಿಲ್ ಹಾಕಿ ಹೊರಬರುವ ಪುಡಿ ನೋಡಿ. ಸುರುಳಿಯಾಗಿ ಬಂದರೆ ಗಟ್ಟಿ, ಕಂದು ಬಣ್ಣದ ಒದ್ದೆ ಹಿಟ್ಟು ಬಂದರೆ, ಅಥವಾ ಬಿಟ್ ಏಕಾಏಕಿ ಒಳನುಗ್ಗಿದರೆ ಅಲ್ಲಿ ಮರವಿಲ್ಲ. ತೂತನ್ನು ಆಮೇಲೆ ಮರದ ಗೂಟದಿಂದ ಮುಚ್ಚಿ.

ಶತ್ರು ಯಾರೆಂದು ಗುರುತಿಸುವುದೂ ಮುಖ್ಯ. ಮರ ಚೌಕ ಚೌಕವಾಗಿ ಬಿರಿದು ಕಂದು ಪುಡಿಯಾದರೆ, ಅಥವಾ ಬಿಳಿಚಿಕೊಂಡು ನಾರು ನಾರಾದರೆ ಶಿಲೀಂಧ್ರ. ಒಳಗೆ ಪದರ ಪದರವಾಗಿ ತಿಂದು ಮಣ್ಣು ಮೆತ್ತಿದ್ದರೆ, ಗೋಡೆಯ ಮೇಲೆ ಮಣ್ಣಿನ ಸುರಂಗ ಕಂಡರೆ ಗೆದ್ದಲು. ಸೂಜಿ ತಲೆಯಷ್ಟು ತೂತಿನಿಂದ ಹಿಟ್ಟು ಉದುರುತ್ತಿದ್ದರೆ ಕುಟ್ಟೆ ಹುಳ. ಅದು ಸಾಮಾನ್ಯವಾಗಿ ಹೊರಗಿನ ಬಿಳಿ ಮರವನ್ನಷ್ಟೇ ತಿನ್ನುತ್ತದೆ, ಚೇಗು ಉಳಿದಿರುತ್ತದೆ. ಗೆದ್ದಲಿದ್ದರೆ ಮರ ಮುಟ್ಟುವ ಮೊದಲು ನೆಲ ಮತ್ತು ಗೋಡೆ ಬುಡಕ್ಕೆ ಪರವಾನಗಿ ಇರುವವರಿಂದ ಔಷಧ ಹಾಕಿಸಿ. ಬಾವಿ ಹತ್ತಿರವಿದ್ದರೆ ಅವರಿಗೆ ಮೊದಲೇ ಹೇಳಿ.

ಎಷ್ಟು ಹೋದರೆ ಅಪಾಯ

ತೊಲೆಯ ಬಲ ಅದರ ಎತ್ತರದ ವರ್ಗದ (ಎತ್ತರ × ಎತ್ತರ) ಮೇಲೆ ನಿಂತಿದೆ, ಬಾಗದೆ ನಿಲ್ಲುವ ಗುಣ ಘನದ (ಎತ್ತರ × ಎತ್ತರ × ಎತ್ತರ) ಮೇಲೆ. 150 ಮಿ.ಮೀ. ಎತ್ತರದ ತೊಲೆಯ ಅಡಿಭಾಗದಲ್ಲಿ 30 ಮಿ.ಮೀ. ಹೋಗಿದೆ ಎಂದುಕೊಳ್ಳಿ. ಕಣ್ಣಿಗೆ ಐದರಲ್ಲಿ ಒಂದು ಭಾಗ ಮಾತ್ರ. ಆದರೆ ಬಲದಲ್ಲಿ ಶೇ. 36 ಹೋಯಿತು, ಬಿಗುಪಿನಲ್ಲಿ ಸುಮಾರು ಅರ್ಧವೇ ಹೋಯಿತು. ‘ಮೇಲೆ ಮೇಲೆ ಸ್ವಲ್ಪ ಲಡ್ಡಾಗಿದೆ ಅಷ್ಟೆ’ ಎನ್ನುವ ಮಾತನ್ನು ಅಳತೆ ಮಾಡದೆ ಒಪ್ಪಬೇಡಿ.

ಅಟ್ಟ ಹೊತ್ತ ತೊಲೆ, ನೆತ್ತಿಯ ತೊಲೆ, ಎರಡು ಅಂತಸ್ತಿನ ಕಂಬ, ವಾಲಿದ ಅಥವಾ ಉಬ್ಬಿದ ಗೋಡೆ: ಇವಿಷ್ಟಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲೇಬೇಕು. ಜಗಲಿ ಕಂಬ, ಪಕ್ಕಾಸಿನ ತುದಿ, ಒಂದಂತಸ್ತಿನ ಗೋಡೆ ತೊಲೆಯನ್ನು ಅನುಭವವಿರುವ ಆಚಾರಿಯೊಬ್ಬರು, ಸಹಾಯಕ್ಕೆ ಇಬ್ಬರು ಸೇರಿ ಮಾಡಬಹುದು.

ಕೆಲಸದ ಕಾಲ ಡಿಸೆಂಬರ್‌ನಿಂದ ಏಪ್ರಿಲ್. ಅಡಿಕೆ ಕೊಯ್ಲಿನ ಗಡಿಬಿಡಿಯೂ ಅದೇ ಹೊತ್ತಿಗೆ ಬರುವುದರಿಂದ ಜನ ಸಿಗುವುದು ಕಷ್ಟ. ಆದರೂ ಮೇ ತಿಂಗಳಿಗೆ ದೂಡಬೇಡಿ. ಮುಂಗಾರು ಪೂರ್ವದ ಒಂದು ಗುಡುಗು ಮಳೆ ಸಾಕು, ಬಿಚ್ಚಿಟ್ಟ ಮಾಡಿನಿಂದ ಮಣ್ಣಿನ ಗೋಡೆ ಕರಗಲು.

ಮೊದಲು ನೀರು ನಿಲ್ಲಿಸಿ

ಒಡೆದ ಹೆಂಚು, ಸರಿದ ನೆತ್ತಿ ಹೆಂಚು, ತುಕ್ಕು ತಿಂದ ಕಣಿವೆ ತಗಡು ಮೊದಲು ಸರಿಯಾಗಲಿ. ಕಣಿವೆ ತಗಡು ಒಟ್ಟು 600 ಮಿ.ಮೀ. ಅಗಲವಿದ್ದು ಎರಡೂ ಅಂಚು ಮೇಲಕ್ಕೆ ಮಡಚಿರಬೇಕು. ಆಗುಂಬೆ ಕಡೆಯ ಮಳೆಗೆ ಕಿರಿದಾದ ತಗಡು ಉಕ್ಕಿ ಪಕ್ಕದ ಪಕ್ಕಾಸಿನ ಮೇಲೆ ಹರಿಯುತ್ತದೆ. ಕಣಿವೆಯಲ್ಲಿ ಸೇರುವ ತರಗೆಲೆಯನ್ನು ಮಳೆಗಾಲಕ್ಕೆ ಮೊದಲು ತೆಗೆಯದಿದ್ದರೆ ಎಷ್ಟು ಅಗಲದ ತಗಡು ಹಾಕಿದರೂ ಅಷ್ಟೇ.

ಇನ್ನೊಂದು ದೊಡ್ಡ ಕಾರಣ ಸಿಮೆಂಟು. ಮಣ್ಣು ಅಥವಾ ಸುಣ್ಣದ ಗಾರೆಯ ಗೋಡೆ ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಂದಾಗ ನೀರು ಬಿರುಕಿನಿಂದ ಒಳಗೆ ಹೋಗುತ್ತದೆ, ಹೊರಬರಲು ದಾರಿ ಸಿಗದೆ ತೊಲೆಯ ತುದಿಯನ್ನು ಸೇರುತ್ತದೆ. ತೊಲೆಯ ಸುತ್ತ, ಕಂಬದ ಬುಡದ ಸುತ್ತ ಸಂದು ಕಾಣದಂತೆ ಸಿಮೆಂಟ್ ಬಳಿಯುವುದು ಮನೆ ‘ನೀಟಾಗಿ’ ಕಾಣಲಿ ಎಂದು. ಈ ಒಂದು ಅಭ್ಯಾಸ ಬಿಟ್ಟರೆ ಅರ್ಧ ರಿಪೇರಿ ಬೇಕಾಗುವುದೇ ಇಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ. ಅಂಥ ಸಿಮೆಂಟ್ ಇದ್ದರೆ ಉಳಿಯಿಂದ ಎಬ್ಬಿಸಿ, ಸಂದನ್ನು ತೆರೆದಿಡಿ, ಬೇಕಿದ್ದರೆ ಸುಣ್ಣದ ಗಾರೆ ಮಾತ್ರ ಬಳಸಿ.

ಮರ ಆಯುವುದು, ಔಷಧ ಹಾಕುವುದು

ಹಲಸು, ಹೆಬ್ಬಲಸು, ಹೊನ್ನೆ, ಮತ್ತಿ, ಬೋಗಿ, ಸಾಗುವಾನಿ ಎಲ್ಲವೂ ಆಗಬಹುದು. ಚೇಗು ಮಾತ್ರ ಇರಬೇಕು. ಬಿಳಿ ಮರ ಯಾವ ಜಾತಿಯದ್ದಾದರೂ ಬಾಳಿಕೆ ಬರುವುದಿಲ್ಲ. ಕೆಡವಿದ ಹಳೆ ಮನೆಯ ಮರ ಸಿಕ್ಕರೆ ಅದೇ ಉತ್ತಮ, ಪೂರ್ತಿ ಒಣಗಿರುತ್ತದೆ, ಇನ್ನು ತಿರುಚುವುದಿಲ್ಲ. ಕೊಂಡ ಬಿಲ್ಲು ಜೋಪಾನ ಮಾಡಿ. ಸ್ವಂತ ಜಾಗದ ಮರ ಕಡಿಯುವುದಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಹಸಿ ಮರ ಮಾತ್ರ ಬೇಡ. ಅದು ಒಣಗುವಾಗ ಕುಗ್ಗಿ, ಬಿಗಿದ ಬೋಲ್ಟುಗಳೆಲ್ಲ ಸಡಿಲವಾಗುತ್ತವೆ. ಮೀಟರಿನಲ್ಲಿ ಶೇ. 18ಕ್ಕಿಂತ ಕಡಿಮೆ ತೋರಿಸಬೇಕು.

ಮನೆಯೊಳಗೆ ಬಳಸಬಹುದಾದ ಒಳ್ಳೆಯ ಔಷಧ ಬೋರೇಟ್. 10 ಲೀಟರ್ ಬಿಸಿನೀರಿಗೆ 900 ಗ್ರಾಂ ಬೊರಾಕ್ಸ್, ಅಂದರೆ ಬಿಳಿಗಾರ, ಮತ್ತು 600 ಗ್ರಾಂ ಬೋರಿಕ್ ಆ್ಯಸಿಡ್ ಹಾಕಿ ಪೂರ್ತಿ ಕರಗುವವರೆಗೆ ಕಲಕಿ. ಎರಡನ್ನೂ ಸೇರಿಸಲೇಬೇಕು, ಬೊರಾಕ್ಸ್ ಒಂದೇ ಆದರೆ ತಣ್ಣಗಾದಾಗ ತಳಕ್ಕೆ ಕೂತುಬಿಡುತ್ತದೆ. ಕೊಯ್ಯುವ, ಕಚ್ಚು ಹಾಕುವ, ತೂತು ಕೊರೆಯುವ ಕೆಲಸವೆಲ್ಲ ಮುಗಿದ ಮೇಲೆ ಇದನ್ನು ಬಳಿಯಿರಿ. ಮೊದಲೇ ಬಳಿದು ಆಮೇಲೆ ಕೊಯ್ದರೆ ಔಷಧವಿಲ್ಲದ ಮುಖ ತೆರೆದುಕೊಳ್ಳುತ್ತದೆ. ಮೂರು ಸಲ ಬಳಿಯಿರಿ, ಒಂದೊಂದರ ನಡುವೆ ಕೆಲವು ಗಂಟೆ ಬಿಡಿ. ತುದಿಗಳನ್ನು ಬಕೆಟ್‌ನಲ್ಲಿ ಒಂದು ದಿನ ಅದ್ದಿಡಿ. ಮರ ನೀರು ಹೀರುವುದೂ ತುದಿಯಿಂದಲೇ, ಔಷಧ ಹೀರುವುದೂ ಅಲ್ಲಿಂದಲೇ. ಪಕ್ಕದ ಹಳೆ ಮರಕ್ಕೂ ಬಳಿಯಿರಿ. ಉಳಿದ ದ್ರಾವಣವನ್ನು ತೋಟಕ್ಕೆ ಚೆಲ್ಲಬೇಡಿ. ಬೋರಾನ್ ಕೊರತೆಗೆಂದು ಅಡಿಕೆಗೆ ಚಿಟಿಕೆ ಲೆಕ್ಕದಲ್ಲಿ ಕೊಡುವ ವಸ್ತುವೇ ಇದು, ಹೆಚ್ಚಾದರೆ ಗಿಡಕ್ಕೆ ವಿಷ.

ಬೋರೇಟ್ ಮಳೆನೀರಿಗೆ ತೊಳೆದುಹೋಗುತ್ತದೆ. ಹಾಗಾಗಿ ಸೂರಿನ ತುದಿ, ಕಂಬದ ಬುಡದಂಥ ಕಡೆ ಬೋರೇಟ್ ಒಣಗಿದ ಮೇಲೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಕೈ ಬಳಿಯಿರಿ. ಕರಾವಳಿಯಲ್ಲಿ ಮಾಡಿನ ಮರಕ್ಕೂ ದೋಣಿಗೂ ಹಿಂದಿನಿಂದ ಬಳಸಿಕೊಂಡು ಬಂದದ್ದು ಇದು. ಕೈಗೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಒದ್ದೆ ಮರದ ಮೇಲೆ ಎನಾಮಲ್ ಪೇಂಟ್ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ, ನೀರು ಒಳಗೇ ಬಂದಿಯಾಗುತ್ತದೆ.

ಆನಿಕೆ ಕೊಡುವುದು

ಆನಿಕೆ ಎಂದರೆ ಕೆಲಸ ಮುಗಿಯುವವರೆಗೆ ಭಾರ ಹೊರುವ ತಾತ್ಕಾಲಿಕ ಆಧಾರ. ರಿಪೇರಿಯಲ್ಲಿ ಜೀವಕ್ಕೆ ಹೆಚ್ಚು ಅಪಾಯ ತರುವ ಹಂತ ಇದು. ಭಾರ ಎಷ್ಟಿದೆ ಎಂದು ಮೊದಲು ಲೆಕ್ಕ ಹಾಕಿ. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ, ಒಂದೊಂದರ ತೂಕ ಎರಡೂವರೆ ಕಿಲೋ ಆಸುಪಾಸು. ಹೆಂಚು ಕೂರುವ ರೀಪು ಪಟ್ಟಿ, ಪಕ್ಕಾಸು, ಹೆಂಚು ಹೀರಿದ ನೀರು ಎಲ್ಲ ಸೇರಿ ಚದರ ಮೀಟರಿಗೆ 80 ಕಿಲೋ ಹಿಡಿಯಿರಿ. ಜಗಲಿ ಕಂಬಗಳ ನಡುವೆ 3 ಮೀಟರ್, ಕಂಬದ ಪಾಲಿಗೆ ಬರುವ ಮಾಡಿನ ಅಗಲ 2 ಮೀಟರ್ ಎಂದರೆ 6 ಚದರ ಮೀಟರ್, ಅಂದರೆ ಅರ್ಧ ಟನ್ ಹತ್ತಿರ. ಮೇಲೆ ಹತ್ತಿದ ಜನ ಬೇರೆ.

ಅಡಿಕೆ ಮರದ ಬೊಡ್ಡೆಯಾಗಲೀ ಗಳುವಾಗಲೀ ಸಾಲದು. ಸೆಂಟ್ರಿಂಗ್ ಕೆಲಸಕ್ಕೆ ಬಾಡಿಗೆಗೆ ಸಿಗುವ ಸ್ಕ್ರೂ ಇರುವ ಸ್ಟೀಲ್ ಜಾಕ್ ತನ್ನಿ. ಕಂಬವೊಂದಕ್ಕೆ ಎರಡು, ಆಚೆ ಈಚೆ 400-500 ಮಿ.ಮೀ. ದೂರದಲ್ಲಿ. ಜಾಕಿನ ಬುಡಕ್ಕೆ ಕನಿಷ್ಠ 50 ಮಿ.ಮೀ. ದಪ್ಪದ, 600 ಮಿ.ಮೀ. ಉದ್ದದ ಹಲಗೆ ಇಡಿ. ಕೆಂಪು ಗಾರೆ ನೆಲದ ಮೇಲೆ ನೇರ ಇಟ್ಟರೆ ನೆಲ ಕುಸಿಯುತ್ತದೆ. ತಲೆಗೂ ಹಲಗೆ ಇಡಿ. ರಸಮಟ್ಟ ಹಿಡಿದು ಜಾಕ್ ನೆಟ್ಟಗಿದೆಯೇ ನೋಡಿ. ಜಾಕ್‌ಗಳನ್ನು ಒಂದಕ್ಕೊಂದು ಅಡ್ಡ ಪಟ್ಟಿ ಹೊಡೆದು ಕಟ್ಟಿ, ಯಾರಾದರೂ ಎಡವಿದರೂ ಬೀಳದಂತೆ.

ಸ್ಕ್ರೂವನ್ನು ಭಾರ ಹೊರುವಷ್ಟು ಮಾತ್ರ ತಿರುಗಿಸಿ. ಕಂಬ ಮತ್ತು ತೊಲೆಯ ನಡುವೆ ಕಾಗದ ತೂರುವಷ್ಟು ಸಂದು ಬಂದರೆ ಸಾಕು. ಎಷ್ಟೋ ವರ್ಷದಿಂದ ಕುಸಿದ ಮಾಡನ್ನು ಎತ್ತಿ ಸರಿಮಾಡಬೇಕಿದ್ದರೆ ದಿನಕ್ಕೆ 2-3 ಮಿ.ಮೀ. ಮಾತ್ರ ಎತ್ತಿ. ಅವಸರ ಮಾಡಿದರೆ ಹೆಂಚು ಒಡೆಯುತ್ತದೆ, ಮಣ್ಣಿನ ಗೋಡೆ ಸೀಳುತ್ತದೆ, ಹಳೆ ಕಚ್ಚುಗಳು ಕಿತ್ತುಕೊಳ್ಳುತ್ತವೆ. ಅರ್ಧ ಎತ್ತಿದಾಗಲೇ ಸಮಾಧಾನ ಎನಿಸಿದರೆ ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

ಕಂಬದ ಬುಡ

ಹಳೆಯ ಆಚಾರಿಗಳು ಕಂಬವನ್ನು ಕಲ್ಲಿನ ಕುಂಬಿಯ (ಕಂಬದ ಅಡಿಗಲ್ಲಿನ) ಮೇಲೆ ನಿಲ್ಲಿಸಿದ್ದು ನೆಲದ ನೀರು ಏರದಿರಲೆಂದು. ಆಮೇಲೆ ಯಾರೋ ಟೈಲ್ಸ್ ಹಾಕಿಸುವಾಗ ನೆಲ ಏರಿ ಕುಂಬಿ ಹೂತುಹೋಗಿ, ಮರ ಸಿಮೆಂಟಿನಲ್ಲಿ ಕಾಲಿಟ್ಟು ನಿಲ್ಲುತ್ತದೆ. ಅಲ್ಲಿಂದ ಲಡ್ಡು ಶುರು.

ಆನಿಕೆ ಕೊಟ್ಟ ಮೇಲೆ ಲಡ್ಡು ಎಲ್ಲಿಗೆ ಮುಗಿಯುತ್ತದೆ ಎಂದು ಗುರುತು ಮಾಡಿ, ಅದರಿಂದ ಮೇಲಕ್ಕೆ ಕನಿಷ್ಠ 150 ಮಿ.ಮೀ. ಗಟ್ಟಿ ಮರವನ್ನೂ ಸೇರಿಸಿ ಕೊಯ್ಯಿರಿ. ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣುವ ಗಡಿಗಿಂತ ಮುಂದೆ ನಾರಿನ ಉದ್ದಕ್ಕೆ ಹೋಗಿರುತ್ತವೆ. ಕೊಯ್ತ ಒಟ್ಟು 300-350 ಮಿ.ಮೀ. ಒಳಗಿದ್ದರೆ ಮರಕ್ಕೆ ಮರ ಜೋಡಿಸುವ ಗೋಜೇ ಬೇಡ. ಅಷ್ಟು ಎತ್ತರದ ಗ್ರಾನೈಟ್ ಕುಂಬಿ ಕೆತ್ತಿಸಿ ಇಡಿ. ನಮ್ಮ ಮಟ್ಟಿಗೆ ಇದೇ ಅತ್ಯುತ್ತಮ ರಿಪೇರಿ, ಅದೇ ಜಾಗ ಮತ್ತೆ ಲಡ್ಡಾಗುವ ಮಾತೇ ಇಲ್ಲ.

ಕಲ್ಲಿಗೂ ಮರಕ್ಕೂ ನಡುವೆ 16 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಕು: ಕಲ್ಲಿನೊಳಗೆ 75 ಮಿ.ಮೀ., ಮರದೊಳಗೆ 100 ಮಿ.ಮೀ. ಕಲ್ಲಿನ ತೂತಿಗೆ ಎಪಾಕ್ಸಿ ತುಂಬಿ ಕೂರಿಸಿ. ಮರದ ತೂತಿಗೆ ಏನೂ ತುಂಬಬೇಡಿ. ಕಂಬದ ಅಡಿಗೆ ಸೀಸದ ಹಾಳೆ ಅಥವಾ ಟಾರ್ ಫೆಲ್ಟ್ ತುಂಡು ಇಡಿ, ಕಂಬಕ್ಕಿಂತ ಸುತ್ತ 5 ಮಿ.ಮೀ. ಚಿಕ್ಕದಾಗಿರಲಿ. ಹೊರಗೆ ಚಾಚಿದರೆ ಅದು ನೀರು ಹಿಡಿದಿಡುವ ತಟ್ಟೆಯಾಗುತ್ತದೆ. ಕುಂಬಿಯ ತಲೆಯ ಹೊರ ಅಂಚನ್ನು ಸ್ವಲ್ಪ ಇಳಿಜಾರಾಗಿ ಕೆತ್ತಿಸಿ. ನೆಲದಿಂದ ಮರಕ್ಕೆ ಕನಿಷ್ಠ 150 ಮಿ.ಮೀ. ಅಂತರ ಇರಲೇಬೇಕು.

ಲಡ್ಡು ಇನ್ನೂ ಮೇಲಕ್ಕೆ ಹೋಗಿದ್ದರೆ ಅರ್ಧಕಚ್ಚು (ಎರಡೂ ತುಂಡನ್ನು ಅರ್ಧ ದಪ್ಪಕ್ಕೆ ಕೊಯ್ದು ಒಂದಕ್ಕೊಂದು ಕೂಡಿಸುವ ಜೋಡಣೆ) ಹಾಕಿ ಹೊಸ ತುಂಡು ಜೋಡಿಸಬೇಕು. ಕಚ್ಚಿನ ಉದ್ದ ಕಂಬದ ಅಗಲದ ಮೂರು ಪಟ್ಟು, 150 ಮಿ.ಮೀ. ಚೌಕ ಕಂಬಕ್ಕೆ 450 ಮಿ.ಮೀ. ಭಾರ ಇಳಿಯುವುದು ಬೋಲ್ಟಿನಿಂದಲ್ಲ, ಕಚ್ಚಿನ ಎರಡು ಅಡ್ಡ ಮುಖಗಳಿಂದ. ಅವು ಪೂರ್ತಿ ಕೂಡಿಕೊಳ್ಳಬೇಕು. ಎರಡೂ ತುಂಡನ್ನು ಕೂಡಿಸಿ ಸಂದಿನಲ್ಲಿ ತೆಳು ಗರಗಸ ಒಮ್ಮೆ ಎಳೆದರೆ ಎರಡು ಮುಖವೂ ಸಮನಾಗುತ್ತವೆ. 12 ಮಿ.ಮೀ. ಗ್ಯಾಲ್ವನೈಸ್ಡ್ ಬೋಲ್ಟ್ ನಾಲ್ಕು, ಒಂದೇ ಸಾಲಿನಲ್ಲಲ್ಲ, ಎಡ ಬಲವಾಗಿ. ಒಂದೇ ನಾರಿನ ಗೆರೆಯಲ್ಲಿ ಕೊರೆದರೆ ಮರ ಸೀಳುತ್ತದೆ. ತುದಿಯಿಂದ ಮೊದಲ ಬೋಲ್ಟಿಗೆ ಬೋಲ್ಟ್ ದಪ್ಪದ ಏಳು ಪಟ್ಟು, ಅಂದರೆ 85 ಮಿ.ಮೀ.; ಬದಿಯಂಚಿನಿಂದ 50 ಮಿ.ಮೀ. ತೂತು 12.5 ಮಿ.ಮೀ., ಎರಡೂ ಕಡೆ 50 ಮಿ.ಮೀ. ಚೌಕ ವಾಷರ್. ಬರಿ ಕಬ್ಬಿಣದ ಬೋಲ್ಟ್ ಬೇಡ, ಒದ್ದೆ ಮರದಲ್ಲಿ ತುಕ್ಕು ಹಿಡಿದು ಉಬ್ಬಿ ಮರವನ್ನೇ ಸೀಳುತ್ತದೆ.

ಗೋಡೆ ತೊಲೆ

ಇದನ್ನು ಒಂದೇ ಸಲ ಪೂರ್ತಿ ತೆಗೆಯಬಾರದು. ಪಕ್ಕಾಸುಗಳು ಕೆಳಕ್ಕೆ ಒತ್ತುವುದರ ಜೊತೆಗೆ ಗೋಡೆಯನ್ನು ಹೊರಕ್ಕೂ ತಳ್ಳುತ್ತಿರುತ್ತವೆ. ಮೊದಲು ಆ ಭಾಗದ ಹೆಂಚನ್ನು ನೆತ್ತಿಯಿಂದ ಶುರುಮಾಡಿ ಇಳಿಸಿ. ನೆತ್ತಿಯ ಆಚೆ ಬದಿಯಲ್ಲೂ ಅಷ್ಟೇ ಹೆಂಚು ಇಳಿಸಬೇಕು, ಇಲ್ಲದಿದ್ದರೆ ಮಾಡು ಒಂದು ಕಡೆಗೆ ವಾಲುತ್ತದೆ. ಗೋಡೆಯಿಂದ ಒಳಗೆ 500 ಮಿ.ಮೀ. ದೂರದಲ್ಲಿ 100×75 ಮಿ.ಮೀ. ತಾತ್ಕಾಲಿಕ ತೊಲೆಯೊಂದನ್ನು ಪಕ್ಕಾಸುಗಳ ಅಡಿಗೆ ಕೊಟ್ಟು, 1.2 ಮೀಟರಿಗೊಂದು ಜಾಕ್ ನಿಲ್ಲಿಸಿ. ಪ್ರತಿ ಪಕ್ಕಾಸನ್ನೂ ಎದುರಿನ ಪಕ್ಕಾಸಿಗೆ ಹಗ್ಗ ಅಥವಾ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ.

ಒಮ್ಮೆಗೆ ಮೂರು ಪಕ್ಕಾಸಿನ ಕೆಳಗಿನ ತುಂಡು ಮಾತ್ರ, ಹೆಚ್ಚೆಂದರೆ 2 ಮೀಟರ್, ತೆಗೆದು ಹೊಸದನ್ನು ಕೂರಿಸಿ ಮುಂದಕ್ಕೆ ಹೋಗಿ. ಗೋಡೆಯ ತಲೆಯನ್ನು ಸುಣ್ಣದ ಗಾರೆಯಿಂದ ಮಟ್ಟ ಮಾಡಿ, ಟಾರ್ ಫೆಲ್ಟ್ ಹಾಸಿ, ಅದರ ಮೇಲೆ ತೊಲೆ. ತುಂಡು ತುಂಡು ಸೇರುವಲ್ಲಿ 300 ಮಿ.ಮೀ. ಅರ್ಧಕಚ್ಚು, ಎರಡು ಬೋಲ್ಟ್. ಮಳೆಗಾಳಿಗೆ ಮಾಡು ಏಳದಂತೆ 1.2 ಮೀಟರಿಗೊಂದು 12 ಮಿ.ಮೀ. ಆ್ಯಂಕರ್ ಸರಳನ್ನು ಗೋಡೆಯೊಳಗೆ 450 ಮಿ.ಮೀ. ಇಳಿಸಿ. ತೊಲೆಯ ಹೊರ ಮುಖವನ್ನು ಗಾರೆಯಿಂದ ಮುಚ್ಚಬೇಡಿ.

ಪಕ್ಕಾಸಿನ ತುದಿ

ಸೂರಿನ ತುದಿ ಮಾತ್ರ ಹೋಗಿದ್ದರೆ ಪಕ್ಕಾಸನ್ನೇ ಬದಲಿಸಬೇಕಿಲ್ಲ. ಲಡ್ಡು ಭಾಗ ಕತ್ತರಿಸಿ, ಅದೇ ಅಳತೆಯ ಹೊಸ ತುಂಡನ್ನು ಪಕ್ಕಕ್ಕೆ ಜೋಡಿಸಿ. ಹೊರಗೆ ಚಾಚಿದ್ದಕ್ಕೆ ಎರಡು ಪಟ್ಟು ಗೋಡೆಯ ಒಳಕ್ಕೆ ಹೋಗಬೇಕು: ಸೂರು 750 ಮಿ.ಮೀ. ಇದ್ದರೆ ಒಳಗೆ 1500 ಮಿ.ಮೀ. ಒಳಭಾಗ ಚಿಕ್ಕದಾದರೆ ಹೆಂಚಿನ ಭಾರಕ್ಕೆ ಹೊರತುದಿ ಕೆಳಗೆ ಬಾಗಿ ಒಳತುದಿ ಏಳುತ್ತದೆ. 10 ಮಿ.ಮೀ. ಬೋಲ್ಟ್ ಎರಡು ಗೋಡೆ ತೊಲೆಯ ಹತ್ತಿರ, ಎರಡು ಒಳತುದಿಯಲ್ಲಿ. ಬರೀ ಮೊಳೆ ಹೊಡೆದು ಮುಗಿಸುವವರಿದ್ದಾರೆ. ಎರಡು ಮಳೆಗಾಲದಲ್ಲಿ ಅದು ಸಡಿಲವಾಗುತ್ತದೆ. ಹೊರತುದಿಯನ್ನು ನೆಟ್ಟಗೆ ಕೊಯ್ಯದೆ ನೀರು ತೊಟ್ಟಿಕ್ಕುವಂತೆ ಒಳಕ್ಕೆ ಓರೆಯಾಗಿ ಕೊಯ್ಯಿರಿ.

ಗೋಡೆಯೊಳಗಿನ ತೊಲೆ ತುದಿ

ಎಂಜಿನಿಯರ್ ಒಪ್ಪಿದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ. ಬಾಗುವ ತೊಲೆಗೆ ಅರ್ಧಕಚ್ಚು ಹಾಕಿದರೆ ಬಲದ ಬಹುಭಾಗ ಹೋಗುತ್ತದೆ, ಹಾಗಾಗಿ ಮರದ ಜೋಡಣೆಯೊಂದನ್ನೇ ನಂಬಬಾರದು. ರೂಢಿಯಲ್ಲಿರುವ ದಾರಿ: ತೊಲೆಯ ಎರಡೂ ಬದಿಗೆ ಸ್ಟೀಲ್ ಚಾನಲ್ ಕೊಟ್ಟು, ಗಟ್ಟಿ ಮರದ ಮೇಲೆ ಸುಮಾರು 900 ಮಿ.ಮೀ. ಉದ್ದಕ್ಕೆ ಬೋಲ್ಟ್ ಬಿಗಿದು, ಚಾನಲ್‌ಗಳ ತುದಿಯನ್ನು ಗೋಡೆಯೊಳಗಿನ ಕಲ್ಲಿನ ಮೇಲೆ ಕನಿಷ್ಠ 150 ಮಿ.ಮೀ. ಕೂರಿಸುವುದು. ಚಾನಲ್ ಅಳತೆ, ಬೋಲ್ಟ್ ಸಂಖ್ಯೆ ತೊಲೆಯ ಹರವಿನ ಮೇಲೆ ನಿಂತಿವೆ. ಚಾನಲ್‌ಗೆ ಝಿಂಕ್ ಪ್ರೈಮರ್ ಬಳಿದಿರಬೇಕು. ಜಾಗವಿದ್ದರೆ ಇನ್ನೂ ಸರಳ ಉಪಾಯ, ಗೋಡೆಗೆ ಒತ್ತಿ ಗಟ್ಟಿ ಮರದ ಅಡಿಗೆ ಹೊಸ ಕಂಬ ನಿಲ್ಲಿಸುವುದು. ಅದಕ್ಕೆ ಪ್ರತ್ಯೇಕ ಅಡಿಪಾಯ ಬೇಕು, ಬರೀ ನೆಲದ ಮೇಲೆ ನಿಲ್ಲಿಸಿದರೆ ಇಳಿಯುತ್ತದೆ. ಯಾವುದೇ ದಾರಿಯಾದರೂ ಗೋಡೆಯ ಗೂಡಿನಲ್ಲಿ ಮರದ ತುದಿಗೂ ಬದಿಗಳಿಗೂ 25 ಮಿ.ಮೀ. ಗಾಳಿ ಸಂದು ಬಿಡಿ.

ಲಡ್ಡು ಮರವನ್ನು ಹಾಗೇ ಬಿಟ್ಟು ಎಪಾಕ್ಸಿ ಕುಡಿಸುವ ಸಲಹೆ ಈಗ ಎಲ್ಲೆಡೆ ಸಿಗುತ್ತದೆ. ಕಿಟಕಿ ಚೌಕಟ್ಟಿಗೆ, ಕಂಬದ ತಲೆಯ ಕೆತ್ತನೆಯ ಬೋದಿಗೆಗೆ ಅದು ಸರಿ, ಅಲ್ಲಿ ಉಳಿಸಬೇಕಾದ್ದು ರೂಪ. ಭಾರ ಹೊರುವ ತೊಲೆಗೆ ಅದು ಪರಿಹಾರವಲ್ಲ. ಎಪಾಕ್ಸಿ ಒಳಗಿನವರೆಗೆ ಇಳಿಯುವುದಿಲ್ಲ, ಹೊರಗೆ ಗಟ್ಟಿ ಚಿಪ್ಪು ಮಾಡಿ ಒಳಗೆ ನೀರು ಹಿಡಿದಿಡುತ್ತದೆ.

ಜಾಕ್ ಇಳಿಸುವುದು, ಆಮೇಲಿನ ಕೆಲಸ

ಎಲ್ಲ ಬೋಲ್ಟ್ ಬಿಗಿದ ಮೇಲೆ ಜಾಕ್‌ಗಳನ್ನು ಸರದಿಯಂತೆ ಕಾಲು ಸುತ್ತು ಇಳಿಸುತ್ತಾ ಬನ್ನಿ. ಪೂರ್ತಿ ಸಡಿಲವಾದ ಮೇಲೂ ಜಾಕನ್ನು ಒಂದು ದಿನ ಅಲ್ಲೇ ಬಿಡಿ, ಮರ ಕುಸಿದರೆ ಅದರ ಮೇಲೆ ಕೂರುತ್ತದೆ. ಕಚ್ಚಿನ ಸಂದು ತೆರೆದಿದೆಯೇ, ಗೋಡೆಯಲ್ಲಿ ಹೊಸ ಬಿರುಕಿದೆಯೇ ನೋಡಿ. ಆಮೇಲೆ ಹೆಂಚನ್ನು ಎರಡೂ ಬದಿಯಲ್ಲಿ ಸಮವಾಗಿ, ಸೂರಿನಿಂದ ನೆತ್ತಿಯ ಕಡೆಗೆ ಹೊದಿಸಿ. ತಟ್ಟಿದರೆ ಮಂಕು ಸದ್ದು ಬರುವ ಹೆಂಚು ಬಿರುಕು ಬಿಟ್ಟದ್ದು, ಅದನ್ನು ಬದಿಗಿಡಿ.

ಮೊದಲ ಬೇಸಿಗೆ ಕಳೆದ ಮೇಲೆ ಬೋಲ್ಟುಗಳನ್ನೆಲ್ಲ ಒಮ್ಮೆ ಬಿಗಿ ಮಾಡಿ. ಕಾಲು ಅರ್ಧ ಸುತ್ತು ಸಡಿಲವಾಗಿರುವುದು ಸಹಜ. ಆಗಸ್ಟ್‌ನಲ್ಲಿ, ಮಳೆ ಜೋರಿರುವಾಗಲೇ, ಮೀಟರ್ ಹಿಡಿದು ಜೋಡಣೆಗಳ ತೇವ ನೋಡಿ ಗೋಡೆಯ ಮೇಲೆ ಪೆನ್ಸಿಲಿನಿಂದ ದಿನಾಂಕದೊಂದಿಗೆ ಬರೆದಿಡಿ. ಶೇ. 20ರ ಮೇಲೆ ಬಂದಿದ್ದರೆ ಎಲ್ಲೋ ಒಂದು ಸೋರಿಕೆ ಉಳಿದಿದೆ. ನೀರು ಹರಿಯುತ್ತಿರುವಾಗಲೇ ಅಟ್ಟ ಹತ್ತಿ ಟಾರ್ಚ್ ಹಾಕಿ ಹುಡುಕಿ, ಬೇಸಿಗೆಯಲ್ಲಿ ಅದು ಕಾಣಿಸುವುದಿಲ್ಲ.